ಬಾಯಲ್ಲಿಟ್ಟ ಕಾಫಿ ಹಣ್ಣು

ಮಲ್ಲಂದೂರಿನ ಸುತ್ತಲಿನ ತೋಟಗಳಲ್ಲಿ ಆಶಾ ಕಾರ್ಯಕರ್ತೆ ಪ್ರೇಮಕುಮಾರಿಗೆ ಎರಡು ಹೆಸರು. ಎದುರಿಗೆ ಪ್ರೇಮಕ್ಕ, ಬೆನ್ನ ಹಿಂದೆ ನೀರಮ್ಮ. ಗುಲಾಬಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೆಗಲಿಗೊಂದು ಬ್ಯಾಗು, ಕೈಯಲ್ಲೊಂದು ದೊಡ್ಡ ನೀರಿನ ಬಾಟಲಿ ಹಿಡಿದು ಅವಳು ಬರುವುದು ಕಂಡರೆ ಸಾಕು, ಕಾಫಿ ಕುಯ್ಯುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ‘ಬಂದ್ಲು ನೋಡೇ, ಈಗ ಕುಡಿಸದೆ ಬಿಡಲ್ಲ’ ಎನ್ನುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವಳ ಲೋಟ ಖಾಲಿಯಾಯಿತೋ ಇಲ್ಲವೋ ಎಂದು ಬಗ್ಗಿ ನೋಡುವ ಹೆಂಗಸು ಅವಳು. ನಗುವವರು ನಗಲಿ. ಆ ಬಾಟಲಿ ಅವಳ ಕೈಗೆ ಹೇಗೆ ಬಂತೆಂದು ಗೊತ್ತಿದ್ದವರು ನಗುವುದಿಲ್ಲ.

ಪ್ರೇಮಕುಮಾರಿ ಹುಟ್ಟಿದ್ದೇ ಎಸ್ಟೇಟಿನ ಲೈನ್ ಮನೆಯಲ್ಲಿ, ಎಂದರೆ ಆಳುಗಳ ಸಾಲುಮನೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ತೋಟದ ಆಳುಗಳು. ಎಸ್ಸೆಸ್ಸೆಲ್ಸಿ ಪಾಸಾದರೂ ಮುಂದೆ ಓದಿಸುವವರಿಲ್ಲದೆ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಕುಯ್ಲಿಗೆ ಇಳಿದಳು. ಜೀಪು ಓಡಿಸುವ ದೇವೇಂದ್ರನನ್ನು ಮದುವೆಯಾಗಿ, ಮಕ್ಕಳೂ ಆದ ಮೇಲೆ, ಯಾವತ್ತೋ ಪಾಸಾಗಿದ್ದ ಆ ಪರೀಕ್ಷೆಯೇ ಕೈ ಹಿಡಿಯಿತು. ಆಶಾ ಕೆಲಸ ಸಿಕ್ಕಿತು. ಅಷ್ಟರಲ್ಲಿ ಅರ್ಧ ಆಯುಷ್ಯವನ್ನು ಅವಳು ಕಾಫಿ ಗಿಡಗಳ ನಡುವೆಯೇ ಕಳೆದಿದ್ದಳು. ಕುಯ್ಲಿನ ಹೆಂಗಸರ ಗುಟ್ಟುಗಳೆಲ್ಲ ಅವಳಿಗೆ ಗೊತ್ತಿದ್ದವು.

ಆ ಗುಟ್ಟುಗಳಲ್ಲಿ ನೀರಿನದೂ ಒಂದು. ಕುಯ್ಲಿನ ಕಾಲದಲ್ಲಿ ಹೆಂಗಸರು ಬೆಳಿಗ್ಗೆ ಎದ್ದಾಗ ಅರ್ಧ ಲೋಟ ಕಾಫಿ ಕುಡಿದರೆ ಮುಗಿಯಿತು. ಸಂಜೆ ಹಣ್ಣಿನ ತೂಕ ಆಗಿ ಮನೆ ಸೇರುವವರೆಗೆ ನೀರಿನ ತಂಟೆಗೆ ಹೋಗುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗುವುದಾದರೂ ಎಲ್ಲಿಗೆ? ಹೊರಗಿನವರಿಗೆ ಕಾಫಿ ತೋಟವೆಂದರೆ ಬರೀ ಮರೆ. ಎಲ್ಲಿ ಬೇಕಾದರೂ ಕೂರಬಹುದಲ್ಲ ಎಂದುಕೊಳ್ಳುತ್ತಾರೆ. ಅವರಿಗೇನು ಗೊತ್ತು! ರೋಬಸ್ಟಾ ಕಾಫಿಯ ಕುಯ್ಲಿನ ಹೊತ್ತಿಗೇ ಕಾಳುಮೆಣಸೂ ಕುಯ್ಲಿಗೆ ಬರುತ್ತದೆ. ಹೆಂಗಸರು ಕೆಳಗೆ ಕಾಫಿ ಕುಯ್ಯುತ್ತಿದ್ದರೆ ಗಂಡಸರು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳಿಗೆ ಏಣಿ ಹಾಕಿ ಮೇಲೆ ಮೆಣಸು ಬಿಡಿಸುತ್ತಿರುತ್ತಾರೆ. ಏಣಿಯ ಮೇಲೆ ನಿಂತವನಿಗೆ ಯಾವ ಗಿಡವೂ ಮರೆಯಲ್ಲ. ಏಣಿ ಕಾಣದಷ್ಟು ದೂರ ಹೋಗೋಣವೆಂದರೆ ಅಂಚಿನ ಕಾಡಿನಲ್ಲಿ ಆನೆ. ಹಾಗಾಗಿ ಹೆಂಗಸರು ಬಾಯಿ ಕಟ್ಟಿಕೊಂಡಿರುತ್ತಾರೆ. ಗಂಟಲು ತೀರಾ ಒಣಗಿದರೆ ಒಂದು ಕಾಫಿ ಹಣ್ಣನ್ನು ದವಡೆಗೆ ಒತ್ತಿಕೊಂಡು ಅದರ ಸಿಹಿಯನ್ನು ಚೀಪುತ್ತಾರೆ. ಮೂತ್ರದಲ್ಲಿ ಉರಿ ಬಂದರೆ ಬಂತು, ಜಿಗಣೆ ಕಚ್ಚಿದ ಹಾಗೆ, ಸೊಂಟ ನೋವು ಬಂದ ಹಾಗೆ. ಅದನ್ನು ಕಾಯಿಲೆ ಎಂದು ಯಾರೂ ಕರೆದವರಲ್ಲ, ಪ್ರೇಮಕುಮಾರಿಯೂ ಕರೆದವಳಲ್ಲ.

ಅವಳ ತಮ್ಮ ದಿಲೀಪ ಕಡೂರು ಕಡೆಯಿಂದ ಭವ್ಯಾಳನ್ನು ಮದುವೆಯಾಗಿ ತಂದ. ಬಯಲುಸೀಮೆಯ ಹುಡುಗಿ, ಚೊಂಬುಗಟ್ಟಲೆ ನೀರು ಕುಡಿದು ಬೆಳೆದವಳು. ಮೊದಲ ವರ್ಷದ ಕುಯ್ಲಿನಲ್ಲಿ ಮಧ್ಯಾಹ್ನವಾಗುವಷ್ಟರಲ್ಲಿ ಕಾಲು ಅದುಮಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ಆವತ್ತು ಪೋಲಿಯೋ ಹನಿಯ ದಿನ ತಿಳಿಸಲು ತೋಟಕ್ಕೆ ಬಂದಿದ್ದ ಪ್ರೇಮಕುಮಾರಿ ಅದನ್ನು ಕಂಡಳು. ಸಂಜೆ ಮನೆಗೆ ಕರೆದು, ತಲೆ ಬಾಚುತ್ತ ಬುದ್ಧಿ ಹೇಳಿದಳು.

‘ಬೆಳಿಗ್ಗೆ ನೀರು ಮುಟ್ಬೇಡ ಕಣೆ. ನಾಲ್ಕು ದಿನ ಕಷ್ಟ ಆಗುತ್ತೆ, ಆಮೇಲೆ ಮೈ ಒಗ್ಗುತ್ತೆ. ಬಾಯಿ ಒಣಗಿದ್ರೆ ಒಂದು ಹಣ್ಣು ಬಾಯಲ್ಲಿ ಇಟ್ಕೋ.’

‘ಏನೂ ಆಗಲ್ವಾ ಅಕ್ಕ?’ ಎಂದಳು ಭವ್ಯಾ.

‘ನಂಗೇನಾಗಿದೆ ನೋಡು, ಕಲ್ಲುಗುಂಡಿನ ಹಾಗಿಲ್ವಾ?’

ಭವ್ಯಾ ನಕ್ಕಳು. ಹೇಳಿದ್ದನ್ನು ಕಲಿತಳು. ಕಲಿಯುವುದರಲ್ಲಿ ಚುರುಕು, ಅದರಲ್ಲೂ ಗಂಡನ ಅಕ್ಕನ ಮಾತೆಂದರೆ ಅವಳಿಗೆ ವೇದವಾಕ್ಯ.

ಇದಾಗಿ ಒಂದು ವರ್ಷ ಕಳೆದ ಮೇಲೆ ಡಾಕ್ಟರ್ ಧನ್ಯಾ ಬಂದರು. ಚಿಕ್ಕಮಗಳೂರಿನ ಪೇಟೆಯ ವ್ಯಾಪಾರಸ್ಥರ ಮನೆಯ ಮಗಳು, ಮೆಡಿಕಲ್ ಕಾಲೇಜೊಂದರಲ್ಲಿ ಸಮುದಾಯ ಆರೋಗ್ಯ ಕಲಿಸುವವರು. ತೋಟದ ಹೆಂಗಸರ ಮೂತ್ರದ ತೊಂದರೆಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಆಶಾಗಳನ್ನೆಲ್ಲ ಕೂರಿಸಿಕೊಂಡು ಬಿಡಿಸಿ ಹೇಳಿದರು: ಎಲ್ಲಿ ತೊಂದರೆ ಹೆಚ್ಚೆಂದು ಕಾಣುತ್ತದೋ ಅಲ್ಲಿಗೆ ಆಸ್ಪತ್ರೆಯ ವ್ಯಾನು ವಾರಕ್ಕೊಮ್ಮೆ ಬರುತ್ತದೆ, ತೋಟದ ಮಾಲೀಕರನ್ನು ಒಪ್ಪಿಸಿ ತೋಟದೊಳಗೆ ಶೌಚಾಲಯ ಕಟ್ಟಿಸುತ್ತಾರೆ. ನೀವು ಮೊಬೈಲಿನಲ್ಲಿ ತುಂಬುವ ಉತ್ತರ ನೋಡಿಯೇ ಜಿಲ್ಲೆಯಲ್ಲಿ ತೀರ್ಮಾನವಾಗುವುದು. ಒಬ್ಬೊಬ್ಬರನ್ನೇ, ಅವರವರ ಮನೆಯಲ್ಲಿ, ಹತ್ತಿರ ಯಾರೂ ಇಲ್ಲದಾಗ ಕೇಳಬೇಕು. ಕೊನೆಯ ಮಾತನ್ನು ಅವರು ಮತ್ತೆ ಮತ್ತೆ ಹೇಳಿದರು.

ಪ್ರೇಮಕುಮಾರಿಗೆ ಹೆಮ್ಮೆಯಾಯಿತು. ಆದರೆ ಅದು ಕುಯ್ಲಿನ ಕಾಲ. ಹೆಂಗಸರು ಬೆಳಕು ಹರಿಯುತ್ತಲೇ ಹೋದರೆ ತಿರುಗಿ ಬರುವುದು ಕತ್ತಲಾಗುವ ಹೊತ್ತಿಗೆ. ಬಂದರೂ ಒಲೆ ಮುಂದೆ, ಅತ್ತೆ ಮಾವ ಗಂಡ ಮಕ್ಕಳ ನಡುವೆ. ಒಂಟಿಯಾಗಿ ಸಿಗುವುದೆಲ್ಲಿ? ಎರಡು ಮನೆ ಸುತ್ತಿ, ಸುಸ್ತಾಗಿ, ಮೇಸ್ತ್ರಿ ಗುರುವಯ್ಯನ ಹತ್ತಿರ ಗೊಣಗಿದಳು. ಗುರುವಯ್ಯ ಅವಳ ಅಪ್ಪನ ಓರಗೆಯವನು, ಅವಳನ್ನು ಎತ್ತಿ ಆಡಿಸಿದವನು.

‘ಅದಕ್ಯಾಕೆ ಇಷ್ಟು ಒದ್ದಾಡ್ತೀಯಾ ಮಗಾ? ಬೆಳಿಗ್ಗೆ ಮಸ್ಟರ್ ಹೊತ್ತಿಗೆ ಬಾ. ಎಲ್ರೂ ಒಂದೇ ಕಡೆ ಸಿಕ್ತಾರೆ. ನಾನೇ ಸಾಲಾಗಿ ನಿಲ್ಲಿಸಿಕೊಡ್ತೀನಿ’ ಎಂದ.

ಮಸ್ಟರ್ ಎಂದರೆ ಆಳುಗಳ ಬೆಳಗಿನ ಹಾಜರಿ. ತೋಟದ ಆಫೀಸಿನ ಮುಂದೆ ಗಂಡಸರು ಹೆಂಗಸರು ಎಲ್ಲ ಸೇರುತ್ತಾರೆ, ಲೆಕ್ಕ ಬರೆಯುವ ರೈಟರ್ ಹೆಸರು ಕೂಗುತ್ತಾನೆ, ಮೇಸ್ತ್ರಿ ಕೆಲಸ ಹಂಚುತ್ತಾನೆ. ಮೈ ಸರಿಯಿಲ್ಲ ಎಂದವರಿಗೆ ಅಲ್ಲಿಂದಲೇ ಮನೆ ದಾರಿ, ಆವತ್ತಿನ ಹಾಜರಿ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ಪ್ರೇಮಕುಮಾರಿ ಅಲ್ಲಿಗೆ ಹೋದಳು. ಗೊತ್ತಿಲ್ಲದೆ ಮಾಡಿದ್ದರೆ ಈ ಕಥೆಯೇ ಬೇಕಿರಲಿಲ್ಲ.

ಮಂಜು ಇನ್ನೂ ಕರಗಿರಲಿಲ್ಲ. ಗಂಡಸರು ಏಣಿಗಳನ್ನು ಹೆಗಲಿಗೇರಿಸಿಕೊಂಡು ಪಕ್ಕದಲ್ಲೇ ನಿಂತಿದ್ದರು. ರೈಟರ್ ಕಿವಿ ಇತ್ತಲೇ ಇತ್ತು. ಉರಿಮೂತ್ರ ಎನ್ನುವ ಮಾತು ಪ್ರೇಮಕುಮಾರಿಯ ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟಿತು. ನಾಚಿಕೆ. ಕೊನೆಗೆ ‘ಏನಾದ್ರೂ ತೊಂದ್ರೆ ಉಂಟಾ?’ ಎಂದಷ್ಟೇ ಕೇಳಿದಳು. ಹೆಂಗಸರು ನೆಲ ನೋಡುತ್ತ ‘ಏನಿಲ್ಲ’ ಎಂದರು. ಅವಳು ಮೊಬೈಲಿನಲ್ಲಿ ‘ಇಲ್ಲ’ ಒತ್ತಿದಳು. ಮುಂದಿನವಳು, ಏನಿಲ್ಲ. ಅದರ ಮುಂದಿನವಳು, ಏನಿಲ್ಲ.

ಭವ್ಯಾಳ ಸರದಿ ಬಂತು. ಅವಳ ಒಂದು ಕೈ ಬುಟ್ಟಿಯ ಹಿಂದೆ, ಕಿಬ್ಬೊಟ್ಟೆಯ ಮೇಲಿತ್ತು. ಮುಖ ಬಿಳಿಚಿಕೊಂಡಿತ್ತು. ಪ್ರೇಮಕುಮಾರಿ ಕೇಳಿದಾಗ ಅವಳು ನೆಲ ನೋಡಲಿಲ್ಲ, ಇವಳ ಕಣ್ಣನ್ನೇ ನೋಡಿದಳು, ಇನ್ನೊಂದು ಸಲ ಕೇಳಲಿ ಎಂದು ಕಾಯುವವಳ ಹಾಗೆ. ಪ್ರೇಮಕುಮಾರಿಗೆ ಎಲ್ಲ ಅರ್ಥವಾಯಿತು. ಹಿಂದೆ ಸಾಲು ಉದ್ದವಿತ್ತು, ರೈಟರ್ ಗಡಿಯಾರ ನೋಡುತ್ತಿದ್ದ.

‘ಏನಿಲ್ಲಕ್ಕ’ ಎಂದಳು ಭವ್ಯಾ.

‘ಇಲ್ಲ’ ಎಂದು ಒತ್ತಿ ಪ್ರೇಮಕುಮಾರಿ ಮುಂದಕ್ಕೆ ಹೋದಳು. ಸಂಜೆ ಕೇಳಿದರಾಯಿತು ಎಂದುಕೊಂಡಳು. ಸಂಜೆ ಸ್ವಸಹಾಯ ಸಂಘದ ಮೀಟಿಂಗಿತ್ತು, ಮಾರನೇ ದಿನ ಮತ್ತೇನೋ. ಕೇಳಲೇ ಇಲ್ಲ.

ತಾಲ್ಲೂಕಿನ ಆಶಾಗಳಲ್ಲೆಲ್ಲ ಮೊದಲು ಕೆಲಸ ಮುಗಿಸಿದವಳು ಪ್ರೇಮಕುಮಾರಿ. ಎಲ್ಲರೆದುರು ಚಪ್ಪಾಳೆಯೂ ಬಿತ್ತು.

ಮಳೆಗಾಲದಲ್ಲಿ ಚಿಕ್ಕಮಗಳೂರಿನಲ್ಲಿ ಸಭೆ ಕರೆದರು. ಗೋಡೆಯ ಮೇಲೆ ನಕ್ಷೆ ಮೂಡಿತು. ತೊಂದರೆ ಹೆಚ್ಚಿರುವ ಕಡೆ ಕಡುಗೆಂಪು. ಕೊಟ್ಟಿಗೆಹಾರದ ಕಡೆ ಕೆಂಪು, ಅತ್ತಿಗುಂಡಿಯ ಕಡೆ ಕೆಂಪು, ಮಲ್ಲಂದೂರಿನ ಕಡೆ ಮಾತ್ರ ಹಾಲಿನ ಹಾಗೆ ಬಿಳಿ. ವ್ಯಾನು ಎಲ್ಲಿಗೆ, ಶೌಚಾಲಯ ಎಲ್ಲಿಗೆ ಎಂಬುದೆಲ್ಲ ಆ ಬಣ್ಣ ನೋಡಿಯೇ ನಿಶ್ಚಯವಾಯಿತು. ಆ ಬಿಳಿಯ ಒಳಗೆ ಯಾರ್‍ಯಾರಿದ್ದಾರೆಂದು ಪ್ರೇಮಕುಮಾರಿಗೆ ಗೊತ್ತಿತ್ತು. ಬಾಯಿ ಬಿಡಬೇಕಿದ್ದರೆ ಅದೇ ಹೊತ್ತು.

ಅಷ್ಟರಲ್ಲಿ ಧನ್ಯಾ ಮೇಡಂ ನಗುತ್ತ ಅವಳ ಕಡೆ ತಿರುಗಿದರು. ‘ಪ್ರೇಮಕುಮಾರಿಯವ್ರೇ, ನಿಮ್ಮ ಕಡೆ ಹೆಂಗಸರು ಇಷ್ಟು ಆರೋಗ್ಯವಾಗಿರೋದು ಹೇಗೆ? ಎಲ್ರಿಗೂ ಸ್ವಲ್ಪ ಹೇಳಿ.’

ಸಭೆಗೆ ಸಭೆಯೇ ಅವಳನ್ನು ನೋಡಿತು. ಎದ್ದು ನಿಂತಳು.

‘ನಮ್ಮವ್ರು ನೀರು ಚೆನ್ನಾಗಿ ಕುಡೀತಾರೆ ಮೇಡಂ’ ಎಂದಳು.

ಆ ಮಾತು ತನ್ನ ಬಾಯಿಂದ ಹೇಗೆ ಬಂತೆಂದು ಅವಳಿಗೆ ಇವತ್ತಿಗೂ ತಿಳಿಯದು. ಎಲ್ಲರೂ ತಲೆದೂಗಿದರು. ಮಲ್ಲಂದೂರಿನ ಕಡೆಯವರನ್ನು ನೋಡಿ ಬೇರೆಯವರು ಕಲಿಯಬೇಕು ಎಂದಾಯಿತು. ಅದನ್ನು ಹೇಳಿಕೊಡಲು ಅವಳನ್ನೇ ಮೂರು ಕಡೆ ಕಳಿಸಿದರು. ಹೋದಳು, ಹೇಳಿದಳು, ಚಹಾ ಬಿಸ್ಕತ್ತು ತಿಂದು ಬಂದಳು. ಬಸ್ಸಿನಲ್ಲಿ ಬರುವಾಗ ಕಿಟಕಿಗೆ ಹಣೆ ಆನಿಸಿ ಕೂತಿರುತ್ತಿದ್ದಳು. ತನ್ನ ಮೇಲೆ ತನಗೇ ಹೇಸಿಗೆ.

ಮುಂದಿನ ವರ್ಷದ ಕುಯ್ಲಿಗೆ ಭವ್ಯಾ ನಾಲ್ಕು ತಿಂಗಳ ಬಸುರಿ. ಮದುವೆಯಾಗಿ ಎರಡು ವರ್ಷ ದಾಟಿದ ಮೇಲೆ ನಿಂತ ಗರ್ಭ. ದಿಲೀಪ ನೆಲದ ಮೇಲೆ ನಡೆಯುತ್ತಿರಲಿಲ್ಲ. ‘ಈ ವರ್ಷ ಕುಯ್ಲು ಬೇಡ ಬಿಡೇ’ ಎಂದು ಪ್ರೇಮಕುಮಾರಿ ಹೇಳಿದಳು, ‘ಇನ್ನೊಂದು ಹದಿನೈದು ದಿನ ಅಷ್ಟೇ ಅಕ್ಕ’ ಎಂದು ಭವ್ಯಾ ಹೇಳಿದಳು. ನೀರಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಒಂದು ಮಧ್ಯಾಹ್ನ ದೇವೇಂದ್ರನ ಜೀಪು ಲೈನಿನ ಮುಂದೆ ಬಂದು ಹಾರ್ನ್ ಹೊಡೆಯಿತು. ಹಿಂದಿನ ಸೀಟಿನಲ್ಲಿ ಭವ್ಯಾ, ಚಳಿಜ್ವರಕ್ಕೆ ಹಲ್ಲು ಕಟಕಟ ಎನ್ನುತ್ತಿತ್ತು. ಗಿಡಗಳ ಸಾಲಿನಲ್ಲೇ ಬಿದ್ದಿದ್ದಳಂತೆ. ಪ್ರೇಮಕುಮಾರಿ ಹತ್ತಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು. ಭವ್ಯಾ ಉಳಿದಳು. ಮಗು ಉಳಿಯಲಿಲ್ಲ.

‘ಎಷ್ಟು ದಿನದಿಂದ ಉರಿ ಇತ್ತಮ್ಮ?’ ಎಂದು ಡಾಕ್ಟರು ಕೇಳಿದರು.

‘ಎರಡು ವರ್ಷ ಆಯ್ತು ಸರ್.’

‘ಆಶಾದವ್ರು ಯಾರೂ ಕೇಳಲೇ ಇಲ್ವಾ?’

ಪ್ರೇಮಕುಮಾರಿ ಮಂಚದ ತಲೆಯ ಕಡೆ ನಿಂತಿದ್ದಳು, ಮೈಮೇಲೆ ಅದೇ ಗುಲಾಬಿ ಸೀರೆ. ಭವ್ಯಾ ಅವಳ ಕಡೆ ತಿರುಗದೆ ಹೇಳಿದಳು. ‘ಕೇಳಿದ್ರು ಸರ್. ನಾನೇ ಏನಿಲ್ಲ ಅಂದೆ.’

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ತನ್ನ ತಪ್ಪನ್ನು ಭವ್ಯಾ ಎತ್ತಿ ತಾನೇ ತಲೆಯ ಮೇಲೆ ಹಾಕಿಕೊಂಡದ್ದನ್ನು ಹೇಗೆ ಸಹಿಸುವುದು? ಪ್ರೇಮಕುಮಾರಿ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ನಲ್ಲಿಯ ಹತ್ತಿರ ಯಾರೋ ಬಾಟಲಿಗೆ ನೀರು ತುಂಬಿಸುತ್ತಿದ್ದರು. ಆ ಸದ್ದು ಕೇಳಲಾಗದೆ ಕಿವಿ ಮುಚ್ಚಿಕೊಂಡಳು.

ಭವ್ಯಾ ಮನೆಗೆ ಬಂದ ವಾರದಲ್ಲೇ ಪ್ರೇಮಕುಮಾರಿ ಧನ್ಯಾ ಮೇಡಂ ಕಾಲೇಜಿಗೆ ಹೋಗಿ ಎಲ್ಲ ಹೇಳಿದಳು. ಮಸ್ಟರ್, ಏಣಿ, ರೈಟರ್, ಭವ್ಯಾಳ ಕೈ ಎಲ್ಲಿತ್ತು ಎನ್ನುವುದು, ಸಭೆಯಲ್ಲಿ ಹೇಳಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಧನ್ಯಾ ಹಳೆಯ ಲೆಕ್ಕ ತೆಗೆದು ನೋಡಿದರು.

‘ಅಷ್ಟೂ ಉತ್ತರ ಒಂದೇ ಬೆಳಿಗ್ಗೆ ಬಂದಿತ್ತು’ ಎಂದರು. ‘ಅದು ಹೇಗೆ ಅಂತ ನಾನು ಕೇಳ್ಬೇಕಿತ್ತು. ಕೆಲಸ ಬೇಗ ಮುಗೀತು ಅಂತ ಖುಷಿಪಟ್ಟೆ. ನೀವು ನೀರು ಕುಡೀತಾರೆ ಅಂದಾಗ್ಲೂ ಕುಡಿದ್ಮೇಲೆ ತೋಟದಲ್ಲಿ ಎಲ್ಲಿಗೆ ಹೋಗ್ತಾರೆ ಅಂತ ಕೇಳ್ಲಿಲ್ಲ.’

‘ಇನ್ನೊಂದ್ಸಲ ಕೇಳೋಕೆ ಆಗುತ್ತಾ ಮೇಡಂ?’

‘ಆಗುತ್ತೆ. ಮಲ್ಲಂದೂರಿನ ಲೆಕ್ಕ ತಪ್ಪು ಅಂತ ನಾನು ಜಿಲ್ಲಾ ಸಮಿತಿಗೆ ಹೇಳ್ಬೇಕು. ಯಾಕೆ ಅಂತ ಕೇಳ್ತಾರೆ. ನಿಮ್ಮ ಹೆಸರೂ ಬರುತ್ತೆ, ನನ್ನ ಹೆಸರೂ ಬರುತ್ತೆ.’

‘ಬರ್ಲಿ’ ಎಂದಳು ಪ್ರೇಮಕುಮಾರಿ. ಕೆಲಸ ಹೋದರೆ ಹೋಗಲಿ ಎಂದು ಮನೆಯಿಂದ ಹೊರಡುವಾಗಲೇ ಗಟ್ಟಿ ಮಾಡಿಕೊಂಡಿದ್ದಳು. ಕೆಲಸ ಹೋಗಲಿಲ್ಲ. ಸಮಿತಿಯವರು ಬೈದರು, ಮತ್ತೆ ಕೇಳಿ ಎಂದರು.

ಕಾಫಿ ಹೂವಿಗೆ ಬರುವ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ್ದ ದಿನಗಳು. ಕುಯ್ಲು ಮುಗಿದು ಹೆಂಗಸರು ಮನೆಯಲ್ಲಿ ಸಿಗುತ್ತಿದ್ದರು. ಪ್ರೇಮಕುಮಾರಿ ಮೊದಲು ಹೋಗಿದ್ದು ತಮ್ಮನ ಮನೆಗೆ. ದಿಲೀಪ ಸಂತೆಗೆ ಹೋಗಿದ್ದ. ಭವ್ಯಾ ಅಕ್ಕಿ ಆರಿಸುತ್ತ ಕೂತಿದ್ದಳು. ಹೇಳಿಕೊಟ್ಟ ಹಾಗೆ ಬಾಗಿಲು ಮುಂದೆ ಮಾಡಿ, ಎದುರಿಗೆ ಕೂತು, ಪ್ರೇಮಕುಮಾರಿ ಈ ಸಲ ಸರಿಯಾದ ಮಾತಿನಲ್ಲೇ ಕೇಳಿದಳು. ಉರಿ ಇತ್ತಾ, ಯಾವಾಗಿನಿಂದ, ದಿನಕ್ಕೆ ಎಷ್ಟು ನೀರು, ಯಾಕೆ ಕುಡಿಯಲ್ಲ.

ಭವ್ಯಾ ಮೊರದಿಂದ ಕಣ್ಣೆತ್ತಲಿಲ್ಲ. ‘ಆವತ್ತು ಮಸ್ಟರ್‍ನಲ್ಲಿ ನಿಮಗೆ ಗೊತ್ತಾಗಿತ್ತಲ್ವಾ ಅಕ್ಕ?’

ತಪ್ಪಿಸಿಕೊಳ್ಳಲು ದಾರಿ ಬೇಕಾದಷ್ಟಿತ್ತು. ಸಾಲು ಉದ್ದ ಇತ್ತು ಅನ್ನಬಹುದಿತ್ತು, ಸಂಜೆ ಕೇಳೋಣ ಅಂತಿದ್ದೆ ಅನ್ನಬಹುದಿತ್ತು.

‘ಗೊತ್ತಾಗಿತ್ತು’ ಎಂದಳು ಪ್ರೇಮಕುಮಾರಿ.

ಭವ್ಯಾ ಮೊರವನ್ನು ಪಕ್ಕಕ್ಕಿಟ್ಟಳು. ಅತ್ತಳು. ಆಸ್ಪತ್ರೆಯಲ್ಲೂ ಅಷ್ಟು ಅತ್ತಿರಲಿಲ್ಲ. ಪ್ರೇಮಕುಮಾರಿ ಅವಳನ್ನು ಮುಟ್ಟಲೂ ಧೈರ್ಯವಾಗದೆ ಕೂತಿದ್ದಳು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಭವ್ಯಾ ಹೇಳಿದಳು. ‘ಬರ್ಕೊಳ್ಳಿ. ಏಣಿ ಇರೋ ಕಡೆ ನಮಗೆ ಕೆಲಸ ಹಾಕ್ಬಾರ್ದು ಅಂತಾನೂ ಬರ್ಕೊಳ್ಳಿ. ಅದೊಂದು ಇಲ್ದಿದ್ರೆ ಅರ್ಧ ಕಷ್ಟ ಇರಲ್ಲ.’

ಏಣಿಯ ಮಾತು ಯಾವ ಪ್ರಶ್ನೆಯಲ್ಲೂ ಇರಲಿಲ್ಲ. ಪ್ರೇಮಕುಮಾರಿ ಎಲ್ಲ ಮನೆಯಲ್ಲೂ ಅದನ್ನು ಸೇರಿಸಿ ಕೇಳಿದಳು. ಸುಮ್ಮನೆ ಕೇಳಿದರೆ ಹಳೇ ರೂಢಿಗೆ ‘ಏನಿಲ್ಲ’ ಎನ್ನುತ್ತಿದ್ದ ಹೆಂಗಸರು, ಅವಳು ತನ್ನ ಕುಯ್ಲಿನ ದಿನಗಳದ್ದನ್ನು ಮೊದಲು ಹೇಳಿದ ಮೇಲೆ ಬಾಯಿ ಬಿಟ್ಟರು. ಈ ಸಲ ನಕ್ಷೆಯಲ್ಲಿ ಮಲ್ಲಂದೂರು ಎಲ್ಲರಿಗಿಂತ ಕೆಂಪಾಗಿತ್ತು.

ಮುಂದಿನ ಕುಯ್ಲಿನ ಹೊತ್ತಿಗೆ ಮಂಗಳವಾರ ವ್ಯಾನು ಬರುವುದಕ್ಕೆ ಶುರುವಾಯಿತು. ತೂಕದ ಜಾಗದಲ್ಲೊಂದು, ತೋಟದ ನಡುವೆಯೊಂದು ಶೌಚಾಲಯ ಎದ್ದವು. ಮೆಣಸಿನ ಏಣಿ ತೋಟದ ಒಂದು ಭಾಗದಲ್ಲಿದ್ದರೆ ಹೆಂಗಸರ ಕುಯ್ಲು ಇನ್ನೊಂದು ಭಾಗದಲ್ಲಿ ಎಂದು ತೋಟದವರು ಒಪ್ಪಿದರು. ಗುರುವಯ್ಯ ಅದನ್ನು ಕೇಳಿ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ.

‘ಅಯ್ಯೋ ಮಗಾ, ಇಷ್ಟೇನಾ? ನನಗೊಂದು ಮಾತು ಹೇಳಿದ್ರೆ ಯಾವತ್ತೋ ಏಣಿ ಆಚೆ ಹಾಕಿಸ್ತಿದ್ನಲ್ಲ.’

ಕುಯ್ಲಿನಲ್ಲಿದ್ದ ಅಷ್ಟು ವರ್ಷ ದಿನಾ ಎದುರಿಗೇ ಇದ್ದ ಮನುಷ್ಯನಿಗೆ ಪ್ರೇಮಕುಮಾರಿ ಆ ಒಂದು ಮಾತು ಹೇಳಿರಲಿಲ್ಲ. ಅವಳ ಅಮ್ಮನೂ ಹೇಳಿರಲಿಲ್ಲ.

ಬಾಟಲಿ ಬಂದಿದ್ದು ಆಗ. ಬಿಡುವಾದಾಗಲೆಲ್ಲ ತೋಟಕ್ಕೆ ಹೋಗಿ ಸಾಲು ಸಾಲು ಸುತ್ತುತ್ತಾಳೆ. ಹೊಸದಾಗಿ ಬಂದ ಹುಡುಗಿಯರು ಯಾವ ಅಳುಕೂ ಇಲ್ಲದೆ ಇಸಿದುಕೊಂಡು ಗಟಗಟ ಕುಡಿಯುತ್ತಾರೆ, ಕುಡಿದು ಶೌಚಾಲಯದ ಕಡೆ ಓಡುತ್ತಾರೆ. ಅದನ್ನು ನೋಡಿದರೆ ಅವಳಿಗೆ ಸ್ವಲ್ಪ ಉಸಿರಾಡಿದ ಹಾಗಾಗುತ್ತದೆ. ಆಮೇಲೆ ಭವ್ಯಾ ಇರುವ ಸಾಲಿಗೆ ಹೋಗುತ್ತಾಳೆ.

ಮೊನ್ನೆಯೂ ಹೋಗಿದ್ದಳು. ಸುತ್ತ ಎಲ್ಲೂ ಏಣಿಯಿಲ್ಲ. ಶೌಚಾಲಯದ ನೀಲಿ ಬಾಗಿಲು ಅಲ್ಲಿಂದಲೇ ಕಾಣುತ್ತಿತ್ತು. ಭವ್ಯಾ ಟೊಂಗೆ ಬಗ್ಗಿಸಿಕೊಂಡು ಕುಯ್ಯುತ್ತಿದ್ದಳು, ತುಟಿ ಒಡೆದಿತ್ತು, ಒಂದು ದವಡೆ ಉಬ್ಬಿತ್ತು. ಪ್ರೇಮಕುಮಾರಿ ಮುಚ್ಚಳ ತೆಗೆದು ಬಾಟಲಿ ಚಾಚಿದಳು.

‘ಬೇಡ ಅಕ್ಕ.’

‘ಡಾಕ್ಟರು ಹೇಳಿದ್ದು ಮರೆತುಹೋಯ್ತಾ? ಈಗ ಯಾರೂ ನೋಡಲ್ಲ ಕಣೆ, ಹೋಗಿ ಬರಬಹುದು.’

‘ಗೊತ್ತಕ್ಕ. ಕುಡೀಬೇಕು ಅಂತಾನೇ ಅನ್ಸಲ್ಲ ಈಗ.’ ಭವ್ಯಾ ನಾಲಿಗೆಯಿಂದ ದವಡೆಯ ಹಣ್ಣನ್ನು ಈಚೆಗೆ ಸರಿಸಿಕೊಂಡಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ‘ನೀವೇ ಹೇಳಿದ್ರಲ್ಲ, ನಾಲ್ಕು ದಿನ ಆದ್ಮೇಲೆ ಮೈ ಒಗ್ಗುತ್ತೆ ಅಂತ. ಒಗ್ಗಿಬಿಟ್ಟಿದೆ.’

ಪ್ರೇಮಕುಮಾರಿ ತನ್ನ ಅಂಗೈಯನ್ನು ಅವಳ ಬಾಯಿಯ ಹತ್ತಿರ ಹಿಡಿದಳು, ಚಿಕ್ಕ ಮಕ್ಕಳ ಬಾಯಿಂದ ಮಣ್ಣು ಉಗುಳಿಸುವಾಗ ಹಿಡಿಯುವ ಹಾಗೆ. ಭವ್ಯಾ ಒಂದು ಗಳಿಗೆ ನೋಡಿ, ಚೀಪಿದ ಹಣ್ಣನ್ನು ಆ ಅಂಗೈಗೆ ಉಗುಳಿದಳು. ಬಾಟಲಿ ಇಸಿದುಕೊಂಡು ತುಟಿ ಒದ್ದೆಯಾಗುವಷ್ಟು ಕುಡಿದು ವಾಪಸು ಕೊಟ್ಟಳು.

‘ಇನ್ನೊಂದು ಗುಟುಕು’ ಎಂದಳು ಪ್ರೇಮಕುಮಾರಿ. ಭವ್ಯಾ ಆಗಲೇ ಮುಂದಿನ ಗಿಡಕ್ಕೆ ಹೋಗಿದ್ದಳು. ಪ್ರೇಮಕುಮಾರಿ ಬಾಟಲಿಗೆ ಮುಚ್ಚಳ ಹಾಕದೆ ಅವಳ ಹಿಂದೆಯೇ ನಡೆದಳು.